ಮನೆಯ ಕಾವು ಅಳೆದವರ ಕತೆ: ಕೋಳಿಮೊಟ್ಟೆಯಿಂದ ಮೊಬೈಲಿನ ತನಕ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನಮ್ಮ ಗುಂಪಿನ ಎಲ್ಲರ ಮೊಬೈಲಿಗೂ ಒಂದೇ ಸಂಖ್ಯೆ ಬಂತು: 85. ರಾಯಚೂರು ಕಡೆಯ ಒಂದು ಹಳ್ಳಿಯಲ್ಲಿ, ನಮ್ಮಲ್ಲೊಬ್ಬರ ಅಜ್ಜಿ ಮಲಗುವ ತಗಡಿನ ಮನೆಯೊಳಗೆ 85 ಡಿಗ್ರಿ ಸೆಲ್ಸಿಯಸ್! ನೀರು ಕುದಿಯುವುದಕ್ಕೆ ಇನ್ನು ಹದಿನೈದೇ ಡಿಗ್ರಿ ಬಾಕಿ. ಗಾಬರಿಯಿಂದ ಫೋನ್ ಮಾಡಿದರೆ ಅಜ್ಜಿ ಆರಾಮಾಗಿ ರೊಟ್ಟಿ ಬಡಿಯುತ್ತಿದ್ದರು. "ಮನಿ ಕಾದೈತೋ ಇಲ್ಲೋ ಅಂತ ಹೇಳಾಕ ನಿಮಗ ಮಿಷನ್ ಬೇಕೇನ್ರಪ್ಪಾ? ನನ್ನ ಕೇಳಿದ್ರ ನಾನ ಹೇಳ್ತಿದ್ನೆಲ್ಲ" ಅಂದರು.

ಆಗಿದ್ದು ಇಷ್ಟೇ. ಸೂರಿಗೆ ಕಟ್ಟಿದ್ದ ಸೆನ್ಸರಿನ ವೈರು ಸಡಿಲವಾಗಿ ಕರೆಂಟು ಒಂದು ಕ್ಷಣ ಹೋಗಿ ಬಂದಿತ್ತು. ನಾವು ತಂದಿದ್ದ ಆ ಸೆನ್ಸರು ಎಚ್ಚರವಾದ ಕೂಡಲೇ, ಇನ್ನೂ ಏನೂ ಅಳೆಯುವ ಮೊದಲೇ ಕೇಳಿದರೆ, 85 ಅಂತಲೇ ಹೇಳುತ್ತದೆ. ಅದನ್ನು ಮಾಡಿದವರೇ ಹಾಗೆ ಇಟ್ಟಿದ್ದಾರೆ. ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಆದರೆ ಅಜ್ಜಿಯ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮನೆ ಕಾದಿದೆಯೋ ತಣ್ಣಗಿದೆಯೋ ಅಂತ ಮೈಗೇ ಗೊತ್ತಾಗುವಾಗ, ಅದನ್ನು ಸಂಖ್ಯೆಯಲ್ಲಿ ಬರೆದಿಡಬೇಕು ಅಂತ ಮನುಷ್ಯರಿಗೆ ಯಾವಾಗ, ಯಾಕೆ ಅನ್ನಿಸಿತು? ಹುಡುಕುತ್ತಾ ಹೋದೆವು. ಕತೆ ಶುರುವಾಗುವುದು ಮನೆಯಲ್ಲಲ್ಲ, ಕೋಳಿಮೊಟ್ಟೆಯಲ್ಲಿ.

ಈಜಿಪ್ಟಿನಲ್ಲಿ ಬಹಳ ಹಿಂದಿನಿಂದಲೂ ಮಣ್ಣಿನ ಇಟ್ಟಿಗೆಯ ದೊಡ್ಡ ಗೂಡುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು, ಪಕ್ಕದಲ್ಲಿ ನಿಗಿನಿಗಿ ಬೆಂಕಿ ಹಾಕಿ, ತಾಯಿಕೋಳಿ ಇಲ್ಲದೆ ಮರಿ ಮಾಡಿಸುತ್ತಿದ್ದರು. ಅವರ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಮೊಟ್ಟೆಯನ್ನು ಕೈಗೆತ್ತಿಕೊಂಡು ಕಣ್ಣಿನ ರೆಪ್ಪೆಗೆ ಒತ್ತಿ ನೋಡುತ್ತಿದ್ದರು. ರೆಪ್ಪೆಯ ಚರ್ಮ ತೆಳು, ಬೇಗ ಹೇಳುತ್ತದೆ. ನಮ್ಮ ಮನೆಗಳಲ್ಲಿ ಕೂಸಿಗೆ ಎರೆಯುವ ನೀರನ್ನು ಮೊಣಕೈ ಅದ್ದಿ ನೋಡುತ್ತಾರಲ್ಲ, ಅದೇ ವಿದ್ಯೆ. ಈ ವಿದ್ಯೆ ತಪ್ಪು ಅಂತ ಯಾರೂ ಹೇಳುವ ಹಾಗಿಲ್ಲ. ಅದರ ಕಷ್ಟ ಏನೆಂದರೆ, ಹಗಲೂ ರಾತ್ರಿ ಒಬ್ಬರು ಎದ್ದಿರಲೇಬೇಕು.

ಆ ನಿದ್ದೆಗೇಡನ್ನು ತಪ್ಪಿಸಲು ಹೊರಟವರಲ್ಲಿ ಮೊದಲಿಗರೊಬ್ಬರು ಕಾರ್ನೆಲಿಸ್ ಡ್ರೆಬೆಲ್. ನೆದರ್ಲೆಂಡ್ಸಿನಲ್ಲಿ ಹುಟ್ಟಿ, 1600ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರಾಜ ಒಂದನೇ ಜೇಮ್ಸನ ಆಶ್ರಯಕ್ಕೆ ಹೋದವರು. ಥೇಮ್ಸ್ ನದಿಯಲ್ಲಿ ಹುಟ್ಟು ಹಾಕಿ ನಡೆಸುವ ಜಲಾಂತರ್ಗಾಮಿ ಮಾಡಿ ತೋರಿಸಿದ ಖಯಾಲಿಯ ಮನುಷ್ಯ. ಅವರು ಮೊಟ್ಟೆಗೆ ಕಾವು ಕೊಡುವ ಒಂದು ಪೆಟ್ಟಿಗೆ ಮಾಡಿದರು. ಅದರೊಳಗೆ ಮದ್ಯಸಾರ ತುಂಬಿದ ಗಾಜಿನ ಪಾತ್ರೆ, ಅದಕ್ಕೆ ತಾಗಿದಂತೆ ಪಾದರಸ. ಪೆಟ್ಟಿಗೆ ಹೆಚ್ಚು ಬಿಸಿಯಾದರೆ ಮದ್ಯಸಾರ ಹಿಗ್ಗಿ ಪಾದರಸವನ್ನು ಮೇಲಕ್ಕೆ ತಳ್ಳುತ್ತದೆ, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತದೆ, ಕಡ್ಡಿ ಒಲೆಯ ಗಾಳಿಕಿಂಡಿಯ ಮುಚ್ಚಳವನ್ನು ಎಳೆಯುತ್ತದೆ. ಗಾಳಿ ಕಡಿಮೆಯಾಗಿ ಬೆಂಕಿ ತಗ್ಗುತ್ತದೆ. ತಣ್ಣಗಾದರೆ ಎಲ್ಲವೂ ತಿರುಗುಮುರುಗು. ಯಾರೂ ಮುಟ್ಟಬೇಕಿಲ್ಲ. ಇವತ್ತು ಎಸಿಯಲ್ಲಿ, ಫ್ರಿಜ್ಜಿನಲ್ಲಿ, ಇಸ್ತ್ರಿಪೆಟ್ಟಿಗೆಯಲ್ಲಿ ಇರುವ ಥರ್ಮೋಸ್ಟಾಟ್ ಅನ್ನುವುದರ ಮುತ್ತಜ್ಜ ಇದು.

ಡ್ರೆಬೆಲ್ ತೀರಿಕೊಂಡಿದ್ದು 1633ರಲ್ಲಿ. ಆಗಿನ್ನೂ ಎಲ್ಲರೂ ಒಪ್ಪುವ ಡಿಗ್ರಿ ಅಂತ ಒಂದು ಇರಲಿಲ್ಲ. ಫ್ಯಾರನ್‌ಹೀಟ್ ಪಾದರಸದ ಥರ್ಮಾಮೀಟರ್ ಮಾಡಿದ್ದು 1714ರಲ್ಲಿ. ಸ್ವೀಡನ್ನಿನ ಸೆಲ್ಸಿಯಸ್ ತಮ್ಮ ಅಳತೆ ಪ್ರಕಟಿಸಿದ್ದು 1742ರಲ್ಲಿ, ಅದೂ ತಲೆಕೆಳಗಾಗಿ: ನೀರು ಕುದಿಯುವುದಕ್ಕೆ ಸೊನ್ನೆ, ಹೆಪ್ಪುಗಟ್ಟುವುದಕ್ಕೆ ನೂರು! ಆಮೇಲೆ ಬಂದವರು ಅದನ್ನು ತಿರುಗಿಸಿದರು. ಪುಣ್ಯ. ಇಲ್ಲದಿದ್ದರೆ ರಾಯಚೂರಿನಲ್ಲಿ ಬೇಸಿಗೆ ಬಂತೆಂದರೆ ಡಿಗ್ರಿ ಇಳಿಯಿತು ಅನ್ನಬೇಕಾಗುತ್ತಿತ್ತು.

ಇನ್ನು ಮನೆಗೆ ಬರೋಣ. ಚಳಿ ದೇಶಗಳಲ್ಲಿ ಮನೆ ಕಾಯಿಸದಿದ್ದರೆ ಜೀವಕ್ಕೇ ಅಪಾಯ. 19ನೇ ಶತಮಾನದಲ್ಲಿ ಅಮೆರಿಕದ ಅನುಕೂಲಸ್ಥರ ಮನೆಗಳಲ್ಲಿ, ಶಾಲೆಗಳಲ್ಲಿ ನೆಲಮಾಳಿಗೆಯೊಳಗೆ ಕಲ್ಲಿದ್ದಲಿನ ಕುಲುಮೆ ಇರುತ್ತಿತ್ತು. ಕುಲುಮೆ ಕೆಳಗೆ, ಚಳಿಯಲ್ಲಿ ನಡುಗುವವರು ಮೇಲೆ. ಮೇಲಿನ ಸುದ್ದಿ ಕೆಳಗಿನವರಿಗೆ ಗೊತ್ತಾಗುವುದು ಹೇಗೆ?

ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಅನ್ನುವ ಊರಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ವಾರನ್ ಜಾನ್ಸನ್ ಪಾಠ ಮಾಡುತ್ತಿದ್ದರು. ಅಲ್ಲಿನ ಜವಾನ ಒಂದೊಂದೇ ತರಗತಿಗೆ ಬಂದು, ಪಾಠದ ನಡುವೆಯೇ ಥರ್ಮಾಮೀಟರ್ ನೋಡಿ, ಮತ್ತೆ ಕೆಳಗಿಳಿದು ಕುಲುಮೆ ಸರಿಮಾಡಬೇಕಿತ್ತು. ಪಾಠಕ್ಕೂ ತೊಂದರೆ, ಜವಾನನಿಗೂ ಮೆಟ್ಟಿಲು ಹತ್ತಿಳಿಯುವ ಕಷ್ಟ. 1883ರಲ್ಲಿ ಜಾನ್ಸನ್ ಒಂದು ವಿದ್ಯುತ್ ಸಾಧನಕ್ಕೆ ಪೇಟೆಂಟ್ ಪಡೆದರು. ಕೋಣೆಯ ಬಿಸಿ ಹೆಚ್ಚುಕಡಿಮೆಯಾದರೆ ಕೆಳಗೆ ಕುಲುಮೆಯ ಹತ್ತಿರ ಗಂಟೆ ಬಾರಿಸುತ್ತದೆ. ಜವಾನ ಕೂತಲ್ಲಿಂದಲೇ ಗಾಳಿಕಿಂಡಿ ತಿರುಗಿಸಬಹುದು.

ಈ ಗಂಟೆಯ ಮೇಲೆ ನಮಗೆ ವಿಶೇಷ ಪ್ರೀತಿ. ಯಾಕೆಂದರೆ ಇದು ಬಿಸಿಯನ್ನು ತಾನೇ ಸರಿಮಾಡುವ ಯಂತ್ರ ಅಲ್ಲ. ಒಂದು ಕೋಣೆಯ ಸುದ್ದಿಯನ್ನು ತಂತಿಯ ಮೇಲೆ ಇನ್ನೊಂದು ಕೋಣೆಗೆ ಒಯ್ಯುವ ಯಂತ್ರ. ನಾವು ಅಜ್ಜಿಯ ಮನೆಗೆ ಕಟ್ಟಿದ್ದೂ ಅದನ್ನೇ, ತಂತಿಯ ಬದಲು ವೈಫೈ. ನಿರ್ಧಾರ ಮಾತ್ರ ಮನುಷ್ಯನದ್ದು.

ಅದು ಬಹಳ ದಿನ ಹಾಗೆ ಉಳಿಯಲಿಲ್ಲ. 1885ರ ಹೊತ್ತಿಗೆ ಮಿನಿಯಾಪೊಲಿಸ್ಸಿನಲ್ಲಿ ಆಲ್ಬರ್ಟ್ ಬಟ್ಸ್ ಎಂಬ ವಲಸಿಗ, ಕೋಣೆ ತಣ್ಣಗಾದರೆ ತಾನೇ ಕುಲುಮೆಯ ಮುಚ್ಚಳ ಎತ್ತಿ ಗಾಳಿ ಬಿಡುವ ಸಾಧನ ಮಾಡಿದರು. ಅದೇ ವರ್ಷ ಜಾನ್ಸನ್ ಕೂಡ ಕಂಪನಿ ಕಟ್ಟಿದರು. ಬಟ್ಸ್ ಅವರ ಸಾಧನದಿಂದ ಬೆಳೆದ ಕಂಪನಿ ಮುಂದೆ ಹನಿವೆಲ್ ಆಯಿತು. ಆ ಕಂಪನಿ 1953ರಲ್ಲಿ ಮಾರುಕಟ್ಟೆಗೆ ತಂದ ದುಂಡನೆಯ ಥರ್ಮೋಸ್ಟಾಟ್ ಅಮೆರಿಕದ ಲಕ್ಷಾಂತರ ಮನೆಗಳ ಗೋಡೆ ಸೇರಿತು. ಜವಾನನ ಗಂಟೆ ಮರೆತುಹೋಯಿತು. ತಂಪು ಮಾಡುವ ಯಂತ್ರವೂ ಅಷ್ಟರಲ್ಲಿ ಬಂದಿತ್ತು. ಅದು ಹುಟ್ಟಿದ್ದೂ ಮನುಷ್ಯರ ಸುಖಕ್ಕಲ್ಲ. 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ ಅಂತ ವಿಲಿಸ್ ಕ್ಯಾರಿಯರ್ ರೂಪಿಸಿದ ವ್ಯವಸ್ಥೆ ಅದು. ಮೊದಲು ಮೊಟ್ಟೆ, ಆಮೇಲೆ ಕಾಗದ, ಆಮೇಲೆ ಮನುಷ್ಯ!

ಗೋಡೆಯ ಮೇಲೆ ಒಂದು ದುಂಡನೆಯ ಡಬ್ಬಿ ಇದ್ದರೆ ಸಾಕು, ಮನೆಯ ಬಿಸಿ ತಿಳಿದಂತೆಯೇ ಅಂತ ಜನ ನಂಬಿದರು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ತಡೆದವು. ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಾಯಿತು. 1977ರ ಫೆಬ್ರುವರಿಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರ್ ಹಾಕಿಕೊಂಡು ಟಿವಿಯಲ್ಲಿ ಕೂತು, ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿಕೊಳ್ಳಿ ಅಂತ ಜನರನ್ನು ಕೇಳಿಕೊಂಡರು. ನಮ್ಮ ಲೆಕ್ಕದಲ್ಲಿ ಸುಮಾರು 18 ಮತ್ತು 13 ಡಿಗ್ರಿ.

ಆದರೆ ಮನೆಯ ಬಿಸಿ ನಿಜಕ್ಕೂ ಎಲ್ಲಿಗೆ ಹೋಗುತ್ತಿದೆ? ಅದನ್ನು ಕೂತು ಅಳೆದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಂದು ತಂಡ. ರಾಬರ್ಟ್ ಸೊಕೊಲೊ ಅದರ ಮುಂದಾಳು. ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬ ಹೊಸ ಬಡಾವಣೆಯನ್ನು ಅವರು ಆರಿಸಿಕೊಂಡರು. ಅಲ್ಲಿನ ಸಾಲುಮನೆಗಳು ಒಂದೇ ಅಚ್ಚಿನವು. ಅದೇ ಗೋಡೆ, ಅದೇ ಕುಲುಮೆ, ಅದೇ ಕಿಟಕಿ. ಅಳೆದು ನೋಡಿದರೆ ಒಂದು ಮನೆ ಇನ್ನೊಂದರ ಎರಡು ಪಟ್ಟು ಗ್ಯಾಸ್ ಸುಡುತ್ತಿತ್ತು! ಒಂದು ಕುಟುಂಬ ಖಾಲಿ ಮಾಡಿ ಇನ್ನೊಂದು ಬಂದರೆ ಅದೇ ಮನೆಯ ಖರ್ಚು ಬದಲಾಗುತ್ತಿತ್ತು. ಮನೆಯಷ್ಟೇ ಮನೆಯವರೂ ಲೆಕ್ಕಕ್ಕೆ ಬರುತ್ತಾರೆ ಅಂತಾಯಿತು.

ಅದಕ್ಕಿಂತ ದೊಡ್ಡ ಅಚ್ಚರಿ ಅಟ್ಟದಲ್ಲಿತ್ತು. ಅಟ್ಟದ ನೆಲಕ್ಕೆ ಬಿಸಿ ತಡೆಯುವ ಹೊದಿಕೆ ಹಾಸಿದ್ದರು. ಲೆಕ್ಕದ ಪ್ರಕಾರ ಅಟ್ಟ ತಣ್ಣಗಿರಬೇಕು. ಅಲ್ಲಿ ಥರ್ಮಾಮೀಟರ್ ಇಟ್ಟರೆ ಬೇಕಾದ್ದಕ್ಕಿಂತ ಬೆಚ್ಚಗಿತ್ತು. ಗೋಡೆಗಳ ಸಂದು, ಚಿಮಣಿಯ ಪಕ್ಕದ ಖಾಲಿ ಜಾಗ, ಯಾರ ಕಣ್ಣಿಗೂ ಬೀಳದ ದಾರಿಗಳಲ್ಲಿ ಬೆಚ್ಚನೆ ಗಾಳಿ ಹೊದಿಕೆಯನ್ನು ಬಳಸಿಕೊಂಡು ಮೇಲೆ ಸೋರುತ್ತಿತ್ತು. ಕಾಗದದ ಮೇಲಿನ ನಕ್ಷೆ ಸರಿ, ಕಟ್ಟಿದ ಮನೆ ಬೇರೆ. ಒಂದು ಥರ್ಮಾಮೀಟರನ್ನು ಯಾರೂ ಇಡದ ಜಾಗದಲ್ಲಿ ಇಟ್ಟಿದ್ದಕ್ಕೆ ಸಿಕ್ಕ ಸತ್ಯ ಇದು.

ಅದೇ ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞರು ಇನ್ನೊಂದು ಸಣ್ಣ ಕೆಲಸ ಮಾಡಿದರು. ಒಂದೇ ಬಗೆಯ 29 ಮನೆಗಳನ್ನು ತೆಗೆದುಕೊಂಡು, ಕೆಲವು ಮನೆಯವರಿಗೆ ಮಾತ್ರ ತಿಂಗಳ ಕಾಲ ಹೆಚ್ಚುಕಡಿಮೆ ದಿನವೂ ಅವರ ಕರೆಂಟು ಖರ್ಚಿನ ಸುದ್ದಿ ತಿಳಿಸಿದರು. ಸುದ್ದಿ ಸಿಕ್ಕವರ ಬಳಕೆ ಉಳಿದವರಿಗಿಂತ 10.5 ಶೇಕಡಾ ಕಡಿಮೆಯಾಯಿತು. ಇನ್ನೊಂದು ಪ್ರಯೋಗದಲ್ಲಿ ಅಡುಗೆಮನೆಯಲ್ಲಿ ಒಂದು ನೀಲಿ ದೀಪ ಇಟ್ಟರು. ಹೊರಗೆ 20 ಡಿಗ್ರಿಗಿಂತ ತಂಪಾಗಿ, ಒಳಗೆ ಎಸಿ ಇನ್ನೂ ಓಡುತ್ತಿದ್ದರೆ ಆ ದೀಪ ಮಿನುಗುತ್ತದೆ. ಎಸಿ ಆರಿಸುವ ತನಕ ನಿಲ್ಲುವುದಿಲ್ಲ. ಅಷ್ಟಕ್ಕೇ ಕರೆಂಟಿನ ಬಳಕೆ 15.7 ಶೇಕಡಾ ಇಳಿಯಿತು. ಹೊರಗೆ ತಂಪಾಗಿದೆ, ಕಿಟಕಿ ತೆಗಿ ಅಂತ ಹೇಳಲು ಒಂದು ಬಲ್ಬು! ಜಾನ್ಸನ್ನರ ಗಂಟೆ ಮತ್ತೆ ಬಂದ ಹಾಗೆ.

ಇದೇ ದಶಕದಲ್ಲಿ ನಮ್ಮ ಕಡೆಯೂ ಮನೆಯೊಳಗಿನ ಬೆಂಕಿಯನ್ನು ಅಳೆಯುವವರು ಹುಟ್ಟಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 'ಅಸ್ತ್ರ' ಕೇಂದ್ರ ಶುರುಮಾಡಿದರು. ಕುಣಿಗಲ್ ತಾಲೂಕಿನ ಉಂಗ್ರ ಸುತ್ತಮುತ್ತಲ ಹಳ್ಳಿಗಳಲ್ಲಿ, ಪುರ ಎಂಬ ಪುಟ್ಟ ಊರೂ ಸೇರಿ, ಮನೆಮನೆಗೆ ಹೋಗಿ ಸೌದೆ ಎಷ್ಟು, ಸೀಮೆಎಣ್ಣೆ ಎಷ್ಟು, ಹೆಂಗಸರು ಸೌದೆ ನೀರಿಗೆ ಎಷ್ಟು ಹೊತ್ತು ನಡೆಯುತ್ತಾರೆ ಅಂತ ಲೆಕ್ಕ ಹಾಕಿದರು. ಹಳ್ಳಿಯ ಇಂಧನ ಅಂದರೆ ಹೆಚ್ಚುಪಾಲು ಅಡುಗೆ ಒಲೆಯ ಸೌದೆಯೇ ಅಂತ ಅದರಿಂದ ಎದ್ದು ಕಂಡಿತು. ಮೂರು ಪಾತ್ರೆ ಕೂರುವ, ಹೊಗೆ ಚಿಮಣಿಯಲ್ಲಿ ಹೋಗುವ ಅಸ್ತ್ರ ಒಲೆ ಬಂದಿದ್ದು ಈ ಕೇಂದ್ರದಿಂದಲೇ. ನಮ್ಮ ಓದುಗರಲ್ಲಿ ಕೆಲವರ ಮನೆಯಲ್ಲಿ ಅದರ ಬೂದಿ ಇನ್ನೂ ಇರಬಹುದು. ಅಮೆರಿಕದವರು ಕುಲುಮೆಗೆ ಥರ್ಮಾಮೀಟರ್ ಹಿಡಿದಾಗ ಇಲ್ಲಿಯವರು ಸೌದೆಗೆ ತಕ್ಕಡಿ ಹಿಡಿದಿದ್ದರು.

ಎರಡೂ ಕಡೆ ಒಂದು ತೊಡಕಿತ್ತು. ಅಳೆಯಲು ವಿಶ್ವವಿದ್ಯಾಲಯವೇ ಬೇಕು. ಉಪಕರಣ ದುಬಾರಿ. ಸಂಶೋಧಕರು ಹೊರಟುಹೋದರೆ ಅಳತೆಯೂ ಹೊರಟಿತು.

ಅದನ್ನು ಬದಲಾಯಿಸಿದ್ದು ಮರಳಿನಿಂದ ಬರುವ ಸಿಲಿಕಾನ್. ಸಿಲಿಕಾನಿನ ಒಂದು ಗುಣ ಏನೆಂದರೆ, ಅದರಲ್ಲಿ ಮಾಡಿದ ಡಯೋಡಿನಲ್ಲಿ ಕರೆಂಟು ಹರಿಯುವಾಗ ಸಿಗುವ ವೋಲ್ಟೇಜು ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು ಎರಡು ಮಿಲಿವೋಲ್ಟ್ ಇಳಿಯುತ್ತದೆ. ಚಿಪ್ ಮಾಡುವವರಿಗೆ ಇದು ಮೊದಲು ಒಂದು ಉಪದ್ರವ. ಬಿಸಿಯಾದರೆ ಲೆಕ್ಕ ತಪ್ಪುತ್ತದಲ್ಲ! ಆಮೇಲೆ ಆ ಉಪದ್ರವವನ್ನೇ ಥರ್ಮಾಮೀಟರ್ ಮಾಡಿಕೊಂಡರು. ಅಮೆರಿಕದ ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿ ರೂಪಿಸಿದ ಡಿಎಸ್18ಬಿ20 ಎಂಬ ಸೆನ್ಸರ್ ಜೋಳದ ಕಾಳಿನಷ್ಟು ದೊಡ್ಡದು, ಮೂರು ಕಾಲು. ಮೈನಸ್ 10ರಿಂದ 85 ಡಿಗ್ರಿಯ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪುವುದಿಲ್ಲ ಅಂತ ಕಂಪನಿಯ ಭರವಸೆ. ಪ್ರತಿಯೊಂದಕ್ಕೂ ಹುಟ್ಟುವಾಗಲೇ ಒಂದು ಉದ್ದನೆಯ ನಂಬರು, ನಮ್ಮ ಆಧಾರ್ ಇದ್ದ ಹಾಗೆ. ಹಾಗಾಗಿ ಒಂದೇ ವೈರಿಗೆ ಹತ್ತು ಸೆನ್ಸರ್ ಕಟ್ಟಿದರೂ ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಯುತ್ತದೆ. ಪೇಟೆಯಲ್ಲಿ ಇದರ ನಕಲುಗಳೂ ಬೇಕಾದಷ್ಟಿವೆ. ಕೊಳ್ಳುವವರು ಎರಡನ್ನು ಪಕ್ಕಪಕ್ಕ ಇಟ್ಟು ಒಂದೇ ಸಂಖ್ಯೆ ಹೇಳುತ್ತವೆಯೇ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಅಳೆಯುವುದು ಅಗ್ಗವಾದರೆ ಸಾಲದು, ಸುದ್ದಿ ಒಯ್ಯುವುದೂ ಅಗ್ಗವಾಗಬೇಕು. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ, ಎಂಜಿನಿಯರ್ ಅಲ್ಲದ ವಿದ್ಯಾರ್ಥಿಗಳಿಗೂ ಆಗಲಿ ಅಂತ ಆರ್ಡುಯಿನೊ ಎಂಬ ಪುಟ್ಟ ಬೋರ್ಡು ಬಂತು. 2012ರಲ್ಲಿ ಬ್ರಿಟನ್ನಿನಿಂದ ರಾಸ್ಪ್‌ಬೆರಿ ಪೈ. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಎಂಬ ವೈಫೈ ಚಿಪ್. ಈ ಚಿಪ್ಪು ಬಂದ ಮೇಲೆ ಹವ್ಯಾಸಿಗಳು ಮುಗಿಬಿದ್ದರು. ನಮ್ಮ ಅಜ್ಜಿಯ ಮನೆಯ ಸೂರಿನಲ್ಲಿ ಇದ್ದಿದ್ದು ಇದೇ. ಸೆನ್ಸರೂ ಚಿಪ್ಪೂ ಸೇರಿ ಐನೂರು ರೂಪಾಯಿಯೊಳಗೆ ಮುಗಿಯಿತು.

ಬ್ರಿಟನ್ನಿನ ಮನೆಗಳಲ್ಲಿ ಇದರಿಂದ ಒಂದು ಸ್ವಾರಸ್ಯ ಹೊರಬಿತ್ತು. ಅಲ್ಲಿ ಗ್ಯಾಸ್ ಬಾಯ್ಲರಿನಲ್ಲಿ ನೀರು ಕಾಯಿಸಿ ಪೈಪಿನ ಮೂಲಕ ಮನೆಯಲ್ಲೆಲ್ಲ ಸುತ್ತಿಸುತ್ತಾರೆ. 2005ರಿಂದ ಹೊಸ ಬಾಯ್ಲರುಗಳು, ಹೊಗೆಯೊಳಗಿನ ಆವಿಯ ಬಿಸಿಯನ್ನೂ ಹಿಂಡಿ ತೆಗೆಯುವ ಬಗೆಯವೇ ಆಗಬೇಕು ಅಂತ ನಿಯಮ ಬಂತು. ಆದರೆ ಆ ಆವಿ ನೀರಾಗಬೇಕಾದರೆ ಮನೆ ಸುತ್ತಿ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. ಮನೆಯವರು ಹೋಗುವ ಪೈಪಿಗೊಂದು, ಮರಳುವ ಪೈಪಿಗೊಂದು ಸೆನ್ಸರ್ ಕಟ್ಟಿ ನೋಡಿದರೆ, ಕೆಲವರ ಮನೆಯಲ್ಲಿ ಮರಳುವ ನೀರೇ ಅದಕ್ಕಿಂತ ಬಿಸಿ. ಉಳಿತಾಯದ ಬಾಯ್ಲರು ಉಳಿತಾಯವನ್ನೇ ಮಾಡುತ್ತಿರಲಿಲ್ಲ. ಒಂದು ತಿರುಪು ಇಳಿಸಿ ನೀರಿನ ಬಿಸಿ ಕಡಿಮೆ ಮಾಡಿದರೆ ಆಯಿತು. ಡಬ್ಬಿಯ ಮೇಲೆ ಅಂಟಿಸಿದ ಚೀಟಿ ಇದನ್ನು ಹೇಳುವುದಿಲ್ಲ. ವೇಲ್ಸಿನ ಓಪನ್ ಎನರ್ಜಿ ಮಾನಿಟರ್ ಎಂಬ ಗುಂಪು ಇಂಥ ಅಳತೆಯ ಸರ್ಕ್ಯೂಟು, ಪ್ರೋಗ್ರಾಂ ಎಲ್ಲವನ್ನೂ ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿದೆ.

ಬಿಟ್ಟುಕೊಡುವುದು ಅಂದೆವಲ್ಲ, ಅದರ ಇನ್ನೊಂದು ಮುಖವೂ ಇದೆ. 2011ರಲ್ಲಿ ನೆಸ್ಟ್ ಎಂಬ ಚಂದದ ಥರ್ಮೋಸ್ಟಾಟ್ ಬಂತು. ಮನೆಯವರ ಅಭ್ಯಾಸ ನೋಡಿ ತಾನೇ ಕಲಿಯುತ್ತದೆ, ಮೊಬೈಲಿನಲ್ಲಿ ಕಾಣುತ್ತದೆ. 2014ರಲ್ಲಿ ಗೂಗಲ್ ಆ ಕಂಪನಿಯನ್ನು 320 ಕೋಟಿ ಡಾಲರಿಗೆ ಕೊಂಡಿತು. 2016ರ ಜನವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಅದರ ಬ್ಯಾಟರಿ ಖಾಲಿಯಾಗಿ ಕೊರೆಯುವ ಚಳಿಯಲ್ಲಿ ಕೆಲವರ ಮನೆ ತಣ್ಣಗಾಯಿತು. 2025ರ ಅಕ್ಟೋಬರಿನಲ್ಲಿ ಮೊದಲ ಎರಡು ತಲೆಮಾರಿನ ನೆಸ್ಟ್‌ಗಳಿಗೆ ಕಂಪನಿ ಬೆಂಬಲ ನಿಲ್ಲಿಸಿತು. ಗೋಡೆಯ ಮೇಲೆ ಕೈಯಿಂದ ತಿರುಗಿಸಬಹುದು, ಮೊಬೈಲಿಗೆ ಬರುವುದಿಲ್ಲ. ಮನೆ ನಿಮ್ಮದು, ಡಬ್ಬಿಗೆ ದುಡ್ಡು ಕೊಟ್ಟವರು ನೀವು, ಸಂಖ್ಯೆ ಮಾತ್ರ ಇನ್ನೊಬ್ಬರ ಹತ್ತಿರ. ಕೊಳ್ಳುವ ಮೊದಲು ಇಂಟರ್ನೆಟ್ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದೆಯೇ ಅಂತ ಕೇಳಿ ಅಂತ ನಾವು ಎಲ್ಲರಿಗೂ ಹೇಳುತ್ತೇವೆ.

ನಮ್ಮ ರಾಜ್ಯದಲ್ಲಿ ಮನೆಯೊಳಗಿನ ಡಿಗ್ರಿಯನ್ನು ದಿನವೂ ನೋಡುವ ಜನ ಯಾರಾದರೂ ಇದ್ದರೆ ಅದು ರೇಷ್ಮೆ ಬೆಳೆಗಾರರು. ಚಾಕಿ ಹುಳಕ್ಕೆ 27, 28 ಡಿಗ್ರಿ ಬೆಚ್ಚನೆ ಜಾಗ, ತೇವ 85 ಶೇಕಡಾದ ಮೇಲೆ. ದೊಡ್ಡ ಹುಳಕ್ಕೆ 24, 25 ಡಿಗ್ರಿ, ತೇವ 70ರ ಆಸುಪಾಸು. ಹುಳದ ಮನೆಯ ಗೋಡೆಗೆ ಒಣಬುರುಡೆ, ಒದ್ದೆಬುರುಡೆಯ ಜೋಡಿ ಥರ್ಮಾಮೀಟರ್ ನೇತುಹಾಕಿ, ಬೇಸಿಗೆಯಲ್ಲಿ ಗೋಣಿ ನೆನೆಸಿ ಕಟ್ಟುತ್ತಾರೆ. ಕೋಳಿ ಸಾಕುವವರಿಗೂ ಇದು ಗೊತ್ತು. ಮೊದಲ ವಾರ ಮರಿಗೆ 35 ಡಿಗ್ರಿ ಕಾವು, ಆಮೇಲೆ ವಾರವಾರ ಇಳಿಸುತ್ತಾ ಹೋಗಬೇಕು. ಹುಳಕ್ಕೆ, ಮರಿಗೆ ಎಷ್ಟು ಡಿಗ್ರಿ ಅಂತ ಬಾಯಿಪಾಠ ಒಪ್ಪಿಸುವ ಮನೆಯಲ್ಲಿ, ಅಜ್ಜ ಅಜ್ಜಿ ಮಲಗುವ ಕೋಣೆಯಲ್ಲಿ ಎಷ್ಟಿದೆ ಅಂತ ಕೇಳಿದರೆ ಎಲ್ಲರೂ ಮುಖಮುಖ ನೋಡುತ್ತಾರೆ.

ಟಿವಿಯಲ್ಲಿ ಬರುವ ಡಿಗ್ರಿ ಅದಲ್ಲ. ಹವಾಮಾನ ಇಲಾಖೆಯ ಥರ್ಮಾಮೀಟರ್ ಬಯಲಿನಲ್ಲಿ, ನೆಲದಿಂದ ಸುಮಾರು ನಾಲ್ಕಡಿ ಮೇಲೆ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ ಇರುತ್ತದೆ. ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ ಅಂತ ಘೋಷಣೆ. ಆ ಪೆಟ್ಟಿಗೆಯೊಳಗೆ ಯಾರೂ ಮಲಗುವುದಿಲ್ಲ. ಅದಕ್ಕೇ ನಾವು ಸೆನ್ಸರ್ ಕಟ್ಟಲು ಹೊರಟಿದ್ದು.

ಅಜ್ಜಿಯ ಓಣಿಯಲ್ಲಿ ಮೂರು ಬಗೆಯ ಮನೆ ಇದ್ದವು. ಒಂದು ಅಜ್ಜಿಯ ತಗಡಿನದು. ಪಕ್ಕದ್ದು ಅವರ ಮಗನ ಹೊಸ ಆರ್‌ಸಿಸಿ. ಹಿಂದೆ ಹಳೆಯ ಮಣ್ಣಿನ ಮಾಳಿಗೆ ಮನೆ, ದಪ್ಪ ಗೋಡೆ, ಮೇಲೆ ಒಂದು ಬೆಳಕಿಂಡಿ. ಅದರಲ್ಲಿ ಈಗ ಜೋಳದ ಚೀಲ ಇಡುತ್ತಾರೆ. ಮೂರಕ್ಕೂ ಒಂದೊಂದು ಸೆನ್ಸರ್ ಕಟ್ಟಿದೆವು. ಮೊದಲನೆಯದನ್ನು ತಗಡಿಗೇ ತಾಗಿಸಿ ಕಟ್ಟಿ, ಗಾಳಿಯ ಬದಲು ತಗಡಿನ ಬಿಸಿ ಅಳೆದು ಎರಡು ದಿನ ಹಾಳುಮಾಡಿದೆವು. ಆಮೇಲೆ ಮಂಚದ ಎತ್ತರಕ್ಕೆ ಇಳಿಸಿದೆವು.

ಮೂರೇ ಮನೆ, ಹತ್ತೇ ದಿನ. ಅದರ ಮೇಲೆ ಊರಿಗೆಲ್ಲ ನ್ಯಾಯ ಹೇಳುವಷ್ಟು ಧೈರ್ಯ ನಮಗಿಲ್ಲ, ಹಾಗಾಗಿ ಸಂಖ್ಯೆ ಬರೆಯುತ್ತಿಲ್ಲ. ಗೆರೆಗಳ ಆಕಾರ ಮಾತ್ರ ಹೇಳುತ್ತೇವೆ. ಮಧ್ಯಾಹ್ನ ತಗಡಿನ ಮನೆಯ ಗೆರೆ ಎಲ್ಲರಿಗಿಂತ ಮೇಲೆ. ಅದು ಯಾರಿಗೂ ಆಶ್ಚರ್ಯ ಅಲ್ಲ. ಹೊತ್ತು ಮುಳುಗಿದ ಮೇಲೆ ತಗಡು ಬೇಗ ತಣ್ಣಗಾಯಿತು, ಆರ್‌ಸಿಸಿ ಇಳಿಯಲೇ ಇಲ್ಲ. ಹಗಲೆಲ್ಲ ಕುಡಿದ ಬಿಸಿಯನ್ನು ಕಾಂಕ್ರೀಟು ಮಧ್ಯರಾತ್ರಿ ದಾಟುವ ತನಕ ಒಳಗೆ ಬಿಡುತ್ತಿತ್ತು. ಮಾಳಿಗೆ ಮನೆಯ ಗೆರೆ ಹಗಲೂ ರಾತ್ರಿ ಹೆಚ್ಚುಕಡಿಮೆ ನೆಟ್ಟಗೆ ಮಲಗಿತ್ತು.

ಇದರಲ್ಲಿ ಒಂದು ಮಾತು ಅಡಗಿತ್ತು. ತಗಡಿನ ಮನೆ ಕಾಯುತ್ತದೆ ಅಂತ ಮನೆಯವರೆಲ್ಲ ಸೇರಿ ಅಜ್ಜಿಯನ್ನು ರಾತ್ರಿ ಆರ್‌ಸಿಸಿ ಮನೆಗೆ ಬಂದು ಮಲಗು ಅಂತ ಒತ್ತಾಯ ಮಾಡುತ್ತಿದ್ದರು. ಅಜ್ಜಿ ಒಪ್ಪುತ್ತಿರಲಿಲ್ಲ. ಮಗನ ಮನೆ ಒಲ್ಲೆ ಅಂತ ಹಟ ಅಂದುಕೊಂಡು ಮಾತಿಗೆ ಮಾತು ಬೆಳೆದಿತ್ತು. ಮೊಬೈಲಿನಲ್ಲಿ ಗೆರೆ ತೋರಿಸಿದಾಗ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಜ್ಜಿ ಮಾತ್ರ, "ನಾ ಹೇಳಿದ್ದು ಅದನ ಅಲ್ಲೇನು" ಅಂದು ಎಲೆಅಡಿಕೆ ಡಬ್ಬಿ ತೆಗೆದರು.

ಮರುದಿನ ಜೋಳದ ಚೀಲಗಳನ್ನು ಆರ್‌ಸಿಸಿ ಮನೆಯ ಕೋಣೆಗೆ ಸಾಗಿಸಿದರು. ಅಜ್ಜಿಯ ಮಂಚ ಮಾಳಿಗೆ ಮನೆಗೆ ಬಂತು. ಹಗಲು ಅಲ್ಲಿ, ರಾತ್ರಿ ಬೇಕೆನಿಸಿದರೆ ಅಂಗಳದಲ್ಲಿ. ಸೆನ್ಸರನ್ನು ನಾವು ಬಿಚ್ಚಿಕೊಂಡು ಬರಲಿಲ್ಲ. ಈಗಲೂ ಆಗಾಗ ವೈರು ಸಡಿಲವಾಗಿ 85 ಬರುತ್ತದೆ. ಆಗ ಮೊಮ್ಮಗಳು ಹೋಗಿ ವೈರು ಒತ್ತಿ, ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ.